ಬೆನ್ನುಹುರಿಯಲ್ಲಿ ಬೀಡುಬಿಟ್ಟ ನೋವು

ಕನ್ನಡದಲ್ಲಿ ನೋವಿಗೆ ಇರುವ ಮಾತುಗಳನ್ನು ಎಣಿಸುತ್ತ ಕೂತರೆ ಒಂದು ಸಂಜೆ ಸಾಲದು. ತಲೆ ಸಿಡಿಯುತ್ತದೆ. ಹೊಟ್ಟೆ ನುಲಿಯುತ್ತದೆ. ಹಲ್ಲು ಜುಮ್ಮೆನ್ನುತ್ತದೆ. ಸುಟ್ಟ ಗಾಯ ಚುರುಗುಟ್ಟುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಮೀನಖಂಡ ಸೆಳೆಯುತ್ತದೆ, ಉಗುರುಸುತ್ತು ಆದ ಬೆರಳು ರಾತ್ರಿಯಿಡೀ ಮಿಡಿಯುತ್ತದೆ. ಇವು ಒಂದೇ ಅರ್ಥದ ಬೇರೆ ಬೇರೆ ಪದಗಳಲ್ಲ. ಹಳೆಯ ಕಾಲದ ಹೆಂಗಸರು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುವುದಿಲ್ಲ. ‘ಎದೆ ಉರಿ’ ಎಂದರೆ ಜೀರಿಗೆ ಕಷಾಯ. ‘ಎದೆ ಹಿಂಡಿದ ಹಾಗಾಗುತ್ತಿದೆ’ ಎಂದರೆ ಆಟೋ ಹಿಡಿದು ಆಸ್ಪತ್ರೆಗೆ ಓಟ. ವೈದ್ಯರಿಗೂ ಈ ವ್ಯತ್ಯಾಸ ಬೇಕು. ನೋವಿನ ಬಗೆ ತಿಳಿದರೆ ಅದರ ಮೂಲ ಅರ್ಧ ತಿಳಿದಂತೆ.

ಆದರೆ ಕ್ಯಾನ್ಸರ್ ಮೂಳೆಗೆ ಹಬ್ಬಿದವರ ಬಾಯಲ್ಲಿ ಈ ಎಲ್ಲ ಮಾತುಗಳೂ ಒಟ್ಟಿಗೆ ಬರುತ್ತವೆ. ಒಳಗೊಳಗೇ ಕೊರೆಯುವ ನೋವು ಹಗಲಿರುಳೂ ಇರುತ್ತದೆ. ಮಗ್ಗುಲಾದರೆ, ಎದ್ದು ನಿಂತರೆ, ಕೆಮ್ಮಿದರೂ ಕೂಡ ಮಿಂಚು ಹೊಡೆದಂತಹ ಇನ್ನೊಂದು ನೋವು. ಜೊತೆಗೆ ಉರಿ, ಜುಮ್ಮು, ಮುಟ್ಟಿದರೆ ತಡೆಯಲಾಗದ ಚುಚ್ಚು. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಗ್ರಂಥಿಗಳಲ್ಲಿ ಹುಟ್ಟಿದ ಕ್ಯಾನ್ಸರ್ ಮುಂದುವರಿದಾಗ ಮೂಳೆಗಳನ್ನು ಹುಡುಕಿಕೊಂಡು ಹೋಗುವುದು ಸಾಮಾನ್ಯ. ಬೆನ್ನುಮೂಳೆ, ಸೊಂಟ, ಪಕ್ಕೆಲುಬು, ತೊಡೆಮೂಳೆ ಅದಕ್ಕೆ ಪ್ರಿಯವಾದ ತಾಣಗಳು.

ಎಂಬತ್ತು ದಾಟಿದ ಒಬ್ಬ ಅಜ್ಜಿ. ಹಿಂದೆಂದೋ ಸ್ತನದ ಶಸ್ತ್ರಚಿಕಿತ್ಸೆ ಆಗಿತ್ತು. ಈಗ ಎಡ ತೊಡೆಯ ಮೂಳೆಯಲ್ಲಿ ಗಂಟು ಎಂದು ಚಿತ್ರ ತೆಗೆದವರು ಹೇಳಿದ್ದಾರೆ. ರಾತ್ರಿ ಸೊಸೆ ಹೊದಿಕೆ ಎಳೆದು ಹೊದಿಸಲು ಹೋದರೆ ಅಜ್ಜಿ ಕಿರುಚುತ್ತಾರೆ: “ಅಯ್ಯೋ, ಮುಟ್ಟಬೇಡ್ವೇ!” ಸೊಸೆ ಬೆದರಿ ಕೈ ಹಿಂದೆಗೆದುಕೊಳ್ಳುತ್ತಾಳೆ. ಮಗ ಬಾಗಿಲಲ್ಲಿ ನಿಂತು, “ಹೊದಿಕೆ ಸೋಕಿದರೆ ನೋವಾಗುತ್ತೇನಮ್ಮ? ಸ್ವಲ್ಪ ತಡ್ಕೋಬೇಕು,” ಎನ್ನುತ್ತಾನೆ. ನೋಡಲು ಬಂದ ನೆಂಟರು ಹೊರಗೆ ಚಪ್ಪಲಿ ಮೆಟ್ಟುತ್ತ, ವಯಸ್ಸಾದ ಮೇಲೆ ಎಲ್ಲರೂ ಮಕ್ಕಳ ಹಾಗೆ, ಎಲ್ಲದಕ್ಕೂ ಹಟ ಎಂದು ಪಿಸುಗುಡುತ್ತಾರೆ. ಎರಡನೆಯ ಪಿಯುಸಿ ಓದುವ ಮೊಮ್ಮಗ ಇದೆಲ್ಲವನ್ನೂ ಕೇಳುತ್ತಾನೆ. ಅವನ ತಲೆಯಲ್ಲಿ ಓಡುವುದು ಬೇರೆ ಲೆಕ್ಕ. ಗಂಟು ಇರುವುದು ಮೂಳೆಯ ಒಳಗೆ. ಹೊದಿಕೆ ಸೋಕಿದ್ದು ಚರ್ಮಕ್ಕೆ. ಹೊದಿಕೆಯ ತೂಕವೋ, ಇಲ್ಲವೆನ್ನುವಷ್ಟು. ಹಾಗಾದರೆ ಅಜ್ಜಿಗೆ ನೋಯುವುದು ಎಲ್ಲಿ?

ಪ್ರಶ್ನೆ ಸರಿಯಾಗಿಯೇ ಇದೆ. ಇದಕ್ಕೆ ಸಮಾಧಾನಕರವಾದ ಉತ್ತರ ಸಿಗಲು ವಿಜ್ಞಾನಕ್ಕೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಹಗ್ಗ ಮತ್ತು ಗಂಟೆ

ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ ತೀರಿಕೊಂಡ ಮೇಲೆ, 1664ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟವಾದ ಅವನ ಪುಸ್ತಕವೊಂದರಲ್ಲಿ ಒಂದು ಚಿತ್ರವಿದೆ. ಬೆಂಕಿಯ ಪಕ್ಕದಲ್ಲಿ ಒಬ್ಬ ಹುಡುಗ. ಅವನ ಪಾದಕ್ಕೆ ಕಿಡಿ ತಾಗುತ್ತಿದೆ. ಪಾದದಿಂದ ಒಂದು ಎಳೆ ಬೆನ್ನಿನ ಮೂಲಕ ಹಾದು ಮೆದುಳಿಗೆ ಹೋಗಿದೆ. ದೇವಸ್ಥಾನದಲ್ಲಿ ಹಗ್ಗ ಎಳೆದರೆ ಮೇಲೆ ಗಂಟೆ ಬಾರಿಸುವಂತೆ, ಕೆಳಗೆ ಎಳೆ ಜಗ್ಗಿದರೆ ಮೇಲೆ ನೋವು. ಜೋರಾಗಿ ಎಳೆದರೆ ಜೋರು ಸದ್ದು, ಮೆಲ್ಲಗೆ ಎಳೆದರೆ ಮೆಲ್ಲನೆ ಸದ್ದು. ಎಳೆಯದೆ ಗಂಟೆ ಬಾರಿಸಿದರೆ? ಅದು ಸುಳ್ಳು ನೋವು. ಅಜ್ಜಿಯನ್ನು ಹಟಮಾರಿ ಎಂದ ನೆಂಟರು ತಿಳಿಯದೆಯೇ ಡೆಕಾರ್ಟನ ಶಿಷ್ಯರು.

ಈ ಚಿತ್ರ ಬಲು ಸರಳ. ಆದ್ದರಿಂದಲೇ ಬಹಳ ಕಾಲ ಬಾಳಿತು. 1965ರಲ್ಲಿ ಕೆನಡಾದ ರೊನಾಲ್ಡ್ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಇದನ್ನು ಅಲುಗಾಡಿಸಿದರು. ಬೆನ್ನುಹುರಿ ಬರಿಯ ಹಗ್ಗವಲ್ಲ, ಅಲ್ಲೊಂದು ಬಾಗಿಲು ಇದೆ ಎಂಬುದು ಅವರ ವಾದ. ನೋವಿನ ಸುದ್ದಿ ತರುವ ನರತಂತುಗಳು ಬಾಗಿಲನ್ನು ತೆರೆಯುತ್ತವೆ. ಸ್ಪರ್ಶದ ಸುದ್ದಿ ತರುವ ತಂತುಗಳು ಅದನ್ನು ಮುಚ್ಚಲು ನೆರವಾಗುತ್ತವೆ. ಮೆದುಳಿನಿಂದಲೂ ಅಪ್ಪಣೆ ಇಳಿದು ಬರುತ್ತದೆ. ಮಗು ಬಿದ್ದು ಮೊಣಕಾಲು ತರಚಿಕೊಂಡಾಗ ತಾಯಿ ಅದರ ಸುತ್ತ ಉಜ್ಜಿ ಸಮಾಧಾನ ಮಾಡುವುದು ಬರಿಯ ಪ್ರೀತಿಯ ಮಾತಲ್ಲ, ಆ ಬಾಗಿಲಿನ ಮೇಲೂ ಕೆಲಸ ಮಾಡುತ್ತದೆ. ಈ ಸಿದ್ಧಾಂತದ ವಿವರಗಳು ಆಮೇಲೆ ಬದಲಾದವು. ಆದರೆ ಬೆನ್ನುಹುರಿಯಲ್ಲೇ ನೋವಿನ ಏರಿಳಿತ ನಡೆಯುತ್ತದೆ ಎಂಬ ಮೂಲ ಮಾತು ಉಳಿಯಿತು.

1983ರಲ್ಲಿ ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಕ್ಲಿಫರ್ಡ್ ವುಲ್ಫ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಾಯವಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಹೆಚ್ಚು ಸೂಕ್ಷ್ಮವಾಗುತ್ತವೆ ಎಂದು ಇಲಿಗಳಲ್ಲಿ ತೋರಿಸಿದರು. ಮೊದಲು ಜೋರಾಗಿ ಎಳೆದರೆ ಮಾತ್ರ ಬಾರಿಸುತ್ತಿದ್ದ ಗಂಟೆ ಈಗ ಗಾಳಿ ಬೀಸಿದರೂ ಬಾರಿಸುತ್ತದೆ. ತಪ್ಪು ಹಗ್ಗದ್ದಲ್ಲ, ಗಂಟೆಯೇ ಬದಲಾಗಿದೆ.

ಮೂಳೆಯೊಳಗಿನ ಹುಳಿ

ಬೆನ್ನುಹುರಿಗೆ ಹೋಗುವ ಮೊದಲು ಮೂಳೆಯೊಳಗೆ ಇಣುಕಬೇಕು. ಮೂಳೆ ಎಂದರೆ ಸುಣ್ಣದ ಕಂಬ ಎಂಬ ಭಾವನೆ ತಪ್ಪು. ಅದು ಜೀವಂತ ಅಂಗ. ಅದರ ಹೊರಪೊರೆಯಲ್ಲಿ ನೋವಿನ ನರತಂತುಗಳು ಒತ್ತಾಗಿ ಹೆಣೆದುಕೊಂಡಿವೆ. ಒಳಗಿನ ಮಜ್ಜೆಯಲ್ಲೂ ಇವೆ. ಮೊಣಕಾಲಿನ ಕೆಳಗಿನ ಮೂಳೆ ಮಂಚದ ಕಾಲಿಗೆ ತಗುಲಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂಳೆಯಲ್ಲಿ ಎರಡು ಬಗೆಯ ಕೆಲಸಗಾರರಿದ್ದಾರೆ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತವೆ; ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ಮೊದಲನೆಯದಕ್ಕೆ ಆಸ್ಟಿಯೊಕ್ಲಾಸ್ಟ್ ಎಂದು ಹೆಸರು. ಕರಗಿಸುವ ಅದರ ಉಪಾಯ ಸರಳ: ಮೂಳೆಯ ಮೇಲೆ ಅಂಟಿ ಕುಳಿತು ಆಮ್ಲ ಸುರಿಸುತ್ತದೆ. ಅಲ್ಲಿನ ಹುಳಿ, ಚೆನ್ನಾಗಿ ಹುಳಿತ ಮೊಸರಿನ ಹುಳಿಯಷ್ಟು. ಆರೋಗ್ಯವಂತರಲ್ಲಿ ಕೆಡವುವವರಿಗೂ ಕಟ್ಟುವವರಿಗೂ ಲೆಕ್ಕ ಸರಿಹೋಗುತ್ತದೆ. ಮೂಳೆಗೆ ಬಂದ ಕ್ಯಾನ್ಸರ್ ಕೋಶಗಳು ಈ ಒಪ್ಪಂದವನ್ನು ಮುರಿಯುತ್ತವೆ. ಅನೇಕ ಕ್ಯಾನ್ಸರ್‌ಗಳಲ್ಲಿ ಅವು ಕೆಡವುವವರನ್ನೇ ಹುರಿದುಂಬಿಸುತ್ತವೆ. ಮೂಳೆ ಕರಗುತ್ತದೆ, ಟೊಳ್ಳಾಗುತ್ತದೆ, ಕೆಲವೊಮ್ಮೆ ಸಣ್ಣ ಪೆಟ್ಟಿಗೇ ಮುರಿಯುತ್ತದೆ. ಆ ಹುಳಿಯೇ ನೋವಿನ ತಂತುಗಳ ತುದಿಯನ್ನು ಚುಚ್ಚುತ್ತದೆ.

ಇದರ ಬೆನ್ನಿಗೇ ಉರಿಯೂತ. ರೋಮಿನ ಸೆಲ್ಸಸ್ ಎಂಬಾತ ಸುಮಾರು 2,000 ವರ್ಷಗಳ ಹಿಂದೆ ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ಕನ್ನಡದ ಪದದಲ್ಲೇ ಅವುಗಳಲ್ಲಿ ಎರಡು ಕೂಡಿಕೊಂಡಿವೆ. ಉರಿ ಮತ್ತು ಊತ. ಉರಿಯೂತ ಶತ್ರುವಲ್ಲ. ಕಾಲು ಉಳುಕಿದಾಗ ಊದಿಕೊಂಡು ನೋಯದಿದ್ದರೆ ಮನುಷ್ಯ ಅದೇ ಕಾಲಲ್ಲಿ ಓಡಾಡಿ ಇನ್ನಷ್ಟು ಕೆಡಿಸಿಕೊಳ್ಳುತ್ತಿದ್ದ. ದೇಹದ ರಕ್ಷಣಾ ಕೋಶಗಳು ಬಂದು, ರಾಸಾಯನಿಕಗಳನ್ನು ಸುರಿಸಿ, ಕೆಲಸ ಮುಗಿಸಿ ಹಿಂದಿರುಗುವುದು ಅದರ ಪದ್ಧತಿ. ಗಂಟು ಇರುವ ಮೂಳೆಯಲ್ಲಿ ಈ ಕೆಲಸ ಮುಗಿಯುವುದೇ ಇಲ್ಲ. ಕ್ಯಾನ್ಸರ್ ಕೋಶಗಳೂ, ಅವುಗಳನ್ನು ಎದುರಿಸಲು ಬಂದ ರಕ್ಷಣಾ ಕೋಶಗಳೂ ಸೇರಿ ಪ್ರೊಸ್ಟಗ್ಲಾಂಡಿನ್, ಸೈಟೊಕೈನ್, ನರಗಳನ್ನು ಬೆಳೆಸುವ ಪ್ರೋಟೀನು ಮುಂತಾದವನ್ನು ಸುರಿಸುತ್ತಲೇ ಇರುತ್ತವೆ. ನರತಂತುಗಳು ಹೊಸ ಕವಲೊಡೆದು ಗೋಜಲಾಗಿ ಬೆಳೆಯುವುದನ್ನೂ ಇಲಿಗಳ ಮೂಳೆಗಳಲ್ಲಿ ಕಂಡಿದ್ದಾರೆ. ತಂತಿ ಹೆಚ್ಚಿತು, ಸುದ್ದಿಯೂ ಹೆಚ್ಚಿತು.

ಆದರೂ ಮೊಮ್ಮಗನ ಪ್ರಶ್ನೆ ಹಾಗೆಯೇ ಉಳಿಯಿತಲ್ಲ? ಇದೆಲ್ಲ ಮೂಳೆಯ ಕಥೆ. ಹೊದಿಕೆ ಸೋಕಿದ್ದು ಚರ್ಮಕ್ಕೆ.

ಅಂಟು ಎಂದು ಹೆಸರಿಟ್ಟದ್ದು

ಬೆನ್ನುಹುರಿ ದೊಡ್ಡವರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ಅಡ್ಡ ಕೊಯ್ದರೆ ನಡುವೆ ಚಿಟ್ಟೆಯ ಆಕಾರದ ಬೂದು ಬಣ್ಣದ ಭಾಗ ಕಾಣುತ್ತದೆ. ಆ ಚಿಟ್ಟೆಯ ರೆಕ್ಕೆಗಳಲ್ಲಿ ಬೆನ್ನಿನ ಕಡೆಗೆ ಚಾಚಿರುವ ತುದಿಯೇ ನೋವಿನ ಮೊದಲ ಕಚೇರಿ. ತೊಡೆಮೂಳೆಯಿಂದ ಬಂದ ತಂತುಗಳೂ, ಅದೇ ತೊಡೆಯ ಚರ್ಮದಿಂದ ಬಂದ ತಂತುಗಳೂ ಅಕ್ಕಪಕ್ಕದ ಮೇಜುಗಳಿಗೆ ತಮ್ಮ ಕಾಗದಗಳನ್ನು ತಲುಪಿಸುತ್ತವೆ. ಎಷ್ಟೋ ವೇಳೆ ಒಂದೇ ಮೇಜಿಗೆ.

ಶಾಲೆಯ ಪಾಠಗಳಲ್ಲಿ ಈ ಕಚೇರಿಯ ನರಕೋಶಗಳ ಹೆಸರು ಮಾತ್ರ ಬರುತ್ತದೆ. ಬಿಸಿ ಪಾತ್ರೆ ಮುಟ್ಟಿದ ಕೈ ತಟ್ಟನೆ ಹಿಂದೆ ಬರುವ ಪರಾವರ್ತಿತ ಕ್ರಿಯೆಯ ಚಿತ್ರದಲ್ಲಿ ಒಂದು ಕೋಶದಿಂದ ಇನ್ನೊಂದಕ್ಕೆ ಬಾಣದ ಗುರುತು. ಅಷ್ಟಕ್ಕೆ ಚಿತ್ರ ಮುಗಿಯಿತು. ನಡುವಿನ ಖಾಲಿ ಜಾಗ ಖಾಲಿಯಲ್ಲ. ಅಲ್ಲಿ ಗ್ಲಿಯಾ ಎಂಬ ಬೇರೆ ಕೋಶಗಳಿವೆ. 1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೊ ಇವುಗಳಿಗೆ ಹೆಸರಿಟ್ಟಾಗ ಅದರ ಅರ್ಥ ಹೆಚ್ಚುಕಡಿಮೆ ‘ನರಗಳ ಅಂಟು’ ಎಂದಾಗಿತ್ತು. ಇಟ್ಟಿಗೆಗಳ ನಡುವಣ ಗಾರೆಯಂತೆ, ನರಕೋಶಗಳನ್ನು ಹಿಡಿದಿಡುವುದಷ್ಟೇ ಇವುಗಳ ಕೆಲಸ ಎಂಬ ಭಾವನೆ. 1919ರಲ್ಲಿ ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೆಗಾ ಇವುಗಳಲ್ಲೇ ಚಿಕ್ಕದಾದ, ಆಕಾರ ಬದಲಿಸಬಲ್ಲ ಒಂದು ಬಗೆಯನ್ನು ಬೇರ್ಪಡಿಸಿ ಮೈಕ್ರೋಗ್ಲಿಯಾ ಎಂದು ಕರೆದರು. ನಕ್ಷತ್ರದಂತೆ ಸುತ್ತಲೂ ಚಾಚುಗಳಿರುವ ಇನ್ನೊಂದು ಬಗೆಗೆ ಆಸ್ಟ್ರೋಸೈಟ್ ಎಂದು ಹೆಸರು, ನಕ್ಷತ್ರಕೋಶ ಎನ್ನಬಹುದು.

ಮನುಷ್ಯನ ಮೆದುಳಿನಲ್ಲಿ ಒಂದು ನರಕೋಶಕ್ಕೆ ಹತ್ತು ಗ್ಲಿಯಾ ಎಂದು ಹಳೆಯ ಪುಸ್ತಕಗಳು ಬರೆಯುತ್ತಿದ್ದವು. 2009ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಎಚ್ಚರದಿಂದ ಎಣಿಸಿದಾಗ ನರಕೋಶಗಳು ಸುಮಾರು 8,600 ಕೋಟಿ, ಉಳಿದ ಕೋಶಗಳೂ ಸರಿಸುಮಾರು ಅಷ್ಟೇ ಎಂದು ತಿಳಿಯಿತು. ಅಂದರೆ ಪ್ರತಿ ನರಕೋಶಕ್ಕೂ ಒಬ್ಬ ಸಂಗಾತಿ ಎನ್ನುವ ಲೆಕ್ಕ.

ಈ ಸಂಗಾತಿಗಳು ಸುಮ್ಮನೆ ಕೂರುವವರಲ್ಲ. ನಕ್ಷತ್ರಕೋಶ ನರಕೋಶಕ್ಕೆ ಆಹಾರ ಒದಗಿಸುತ್ತದೆ. ನರಕೋಶಗಳು ಒಂದಕ್ಕೊಂದು ಸುದ್ದಿ ಹೇಳಲು ಸುರಿಸಿದ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಕೂಡಲೇ ಒರೆಸಿ ಶುಚಿ ಮಾಡುತ್ತದೆ. ಮೈಕ್ರೋಗ್ಲಿಯಾ ತನ್ನ ಸಣ್ಣ ಚಾಚುಗಳನ್ನು ಸದಾ ಆಡಿಸುತ್ತ, ರಾತ್ರಿಯ ಗೂರ್ಖನಂತೆ ಸುತ್ತಮುತ್ತ ತಡವಿ ನೋಡುತ್ತದೆ. ಎಲ್ಲವೂ ಸರಿಯಿದ್ದರೆ ಇವುಗಳ ಸುದ್ದಿಯೇ ಇಲ್ಲ. ಅಡುಗೆ ಚೆನ್ನಾಗಿದ್ದ ದಿನ ಅಡುಗೆಯವರನ್ನು ಯಾರೂ ವಿಚಾರಿಸದ ಹಾಗೆ.

ಇಲಿಯ ತೊಡೆಮೂಳೆ ಹೇಳಿದ್ದು

ಮೂಳೆಯ ಕ್ಯಾನ್ಸರ್ ನೋವನ್ನು ಪ್ರಯೋಗಶಾಲೆಯಲ್ಲಿ ಅಭ್ಯಾಸ ಮಾಡಲು ಬಹಳ ಕಾಲ ಸರಿಯಾದ ದಾರಿಯೇ ಇರಲಿಲ್ಲ. 1999ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಮ್ಯಾಂಟಿಯವರ ತಂಡ ಅದನ್ನು ತೆರೆಯಿತು. ಸಣ್ಣ ಇಲಿಗಳ ಒಂದು ತೊಡೆಮೂಳೆಯೊಳಗೆ ಕ್ಯಾನ್ಸರ್ ಕೋಶಗಳನ್ನು ಇಟ್ಟು, ಅವು ಹೊರಗೆ ಸೋರದಂತೆ ದಂತವೈದ್ಯರು ಹಲ್ಲು ತುಂಬಲು ಬಳಸುವ ಲೋಹಮಿಶ್ರಣದಿಂದ ತೂತನ್ನು ಮುಚ್ಚಿದರು. ಮೂರು ವಾರಗಳಲ್ಲಿ ಮೂಳೆ ಸವೆಯಿತು. ಮೆಲ್ಲಗೆ ಸವರಿದರೂ, ಬೇರೆ ಇಲಿಗಳಿಗೆ ಏನೂ ಅನಿಸದಂತಹ ಮುಟ್ಟುವಿಕೆಗೂ, ಈ ಇಲಿಗಳು ಕಾಲನ್ನು ಎಳೆದುಕೊಳ್ಳುತ್ತಿದ್ದವು. ಅಜ್ಜಿಯ ಹೊದಿಕೆಯ ಕಥೆಯೇ ಇದು.

ತಂಡ ಆಮೇಲೆ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿತು. ಕ್ಯಾನ್ಸರ್ ಅಲ್ಲಿಗೆ ಬಂದಿರಲಿಲ್ಲ. ನರಕೋಶಗಳು ಸತ್ತಿರಲಿಲ್ಲ. ಆದರೆ ಗಂಟಿದ್ದ ಕಾಲಿನ ಬದಿಯಲ್ಲಿ, ಆ ಕಾಲಿನ ಸುದ್ದಿ ಬಂದು ಸೇರುವ ಭಾಗದಲ್ಲಿ, ನಕ್ಷತ್ರಕೋಶಗಳು ವಿಪರೀತ ಊದಿಕೊಂಡಿದ್ದವು. ಇನ್ನೊಂದು ಬದಿಯವು ಎಂದಿನಂತೆ ಇದ್ದವು. ಮೂಳೆಯ ಬೇನೆ ಬೆನ್ನುಹುರಿಯಲ್ಲಿ ತನ್ನ ಗುರುತು ಬಿಟ್ಟಿತ್ತು.

ಮುಂದಿನ ವರ್ಷ, 2000ದಲ್ಲಿ, ಅದೇ ತಂಡ ಮೂರು ಬಗೆಯ ನೋವನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಿತು: ಉರಿಯೂತದ ನೋವು, ನರಕ್ಕೆ ಪೆಟ್ಟಾದ ನೋವು, ಮೂಳೆ ಕ್ಯಾನ್ಸರ್‌ನ ನೋವು. ಬೆನ್ನುಹುರಿಯಲ್ಲಿ ಮೂರೂ ಬೇರೆ ಬೇರೆ ರಾಸಾಯನಿಕ ಗುರುತು ಬಿಟ್ಟಿದ್ದವು. ಮೂಳೆ ಕ್ಯಾನ್ಸರ್‌ನ ನೋವು ಉಳಿದೆರಡರ ಮೊತ್ತವಲ್ಲ, ಅದರದೇ ಒಂದು ಜಾತಿ. ನೋವಿನ ಎಲ್ಲ ಮಾತುಗಳೂ ಒಂದೇ ಬಾಯಲ್ಲಿ ಬರುವುದರ ಗುಟ್ಟು ಇಲ್ಲಿದೆ.

ಕಿರುಚುವ ಮೈಕು

ಬೆನ್ನುಹುರಿಯಲ್ಲಿ ನಡೆಯುವುದನ್ನು ಹೀಗೆ ಬಿಡಿಸಬಹುದು. ಮೂಳೆಯಿಂದ ಹಗಲಿರುಳೂ ಸುದ್ದಿ ಬಂದು ಬೀಳುತ್ತದೆ. ನರತಂತುಗಳ ತುದಿಯಿಂದ ಗ್ಲುಟಮೇಟ್ ಮತ್ತಿತರ ವಸ್ತುಗಳು ಸುರಿಯುತ್ತವೆ. ಕಾವಲಿನಲ್ಲಿದ್ದ ಮೈಕ್ರೋಗ್ಲಿಯಾ ಇದನ್ನು ಅಪಾಯವೆಂದು ತಿಳಿದು ಆಕಾರ ಬದಲಿಸುತ್ತದೆ, ಸೈಟೊಕೈನ್‌ಗಳನ್ನು ಬಿಡುತ್ತದೆ. ನಕ್ಷತ್ರಕೋಶವೂ ಊದಿಕೊಂಡು ಅದೇ ದಾರಿ ಹಿಡಿಯುತ್ತದೆ. ಸೋಂಕಿಲ್ಲ, ಕೀವಿಲ್ಲ, ಕಣ್ಣಿಗೆ ಕಾಣುವ ಊತವಿಲ್ಲ. ಆದರೂ ಇದು ಉರಿಯೂತವೇ. ನರಮಂಡಲದೊಳಗಿನ ಸದ್ದಿಲ್ಲದ ಉರಿಯೂತ.

ಈ ಸೈಟೊಕೈನ್‌ಗಳು ನರಕೋಶದ ಮೇಲೆ ಕೆಲಸ ಮಾಡುತ್ತವೆ. ಗ್ಲುಟಮೇಟ್ ಬಂದು ತಟ್ಟುವ ಬಾಗಿಲುಗಳಲ್ಲಿ ಒಂದಕ್ಕೆ ಸಾಮಾನ್ಯವಾಗಿ ಮೆಗ್ನೀಸಿಯಂನ ಬಿರಡೆ ಇರುತ್ತದೆ. ಸುದ್ದಿ ಮೇಲಿಂದ ಮೇಲೆ ಬಂದಾಗ ಆ ಬಿರಡೆ ಜಾರುತ್ತದೆ. ಸೈಟೊಕೈನ್‌ಗಳು ಆ ಬಾಗಿಲನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಗ್ಲುಟಮೇಟನ್ನು ಒರೆಸಬೇಕಾದ ನಕ್ಷತ್ರಕೋಶ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಸುದ್ದಿಯನ್ನು ತಡೆಹಿಡಿಯಬೇಕಾದ ಶಾಂತಿಯ ಕೋಶಗಳ ಮಾತು ನಡೆಯದಂತಾಗುತ್ತದೆ. ಆಗ ಸ್ಪರ್ಶದ ಸುದ್ದಿ ತಂದ ಕಾಗದವೂ ನೋವಿನ ಮೇಜಿಗೆ ಹೋಗುತ್ತದೆ. ಚರ್ಮಕ್ಕೆ ಹೊದಿಕೆ ಸೋಕಿದ್ದು ಮೂಳೆಯ ನೋವಾಗಿ ಮೇಲಕ್ಕೆ ಏರುತ್ತದೆ. ಮೊಮ್ಮಗನ ಪ್ರಶ್ನೆಗೆ ಇದೇ ಉತ್ತರ. ಅಜ್ಜಿ ಸುಳ್ಳು ಹೇಳುತ್ತಿಲ್ಲ, ಹೆಚ್ಚು ಮಾಡಿಯೂ ಹೇಳುತ್ತಿಲ್ಲ. ಅವರ ಬೆನ್ನುಹುರಿಯಲ್ಲಿ ಆ ನೋವು ಅಷ್ಟೇ ದೊಡ್ಡದಾಗಿದೆ.

ಇನ್ನೊಂದು ತೊಡಕಿದೆ. ಕೆರಳಿದ ನರಕೋಶ ಮತ್ತೆ ಗ್ಲಿಯಾವನ್ನು ಕೆರಳಿಸುತ್ತದೆ. ಗ್ಲಿಯಾ ಮತ್ತೆ ನರಕೋಶವನ್ನು. ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕು ಹಿಡಿದವರು ಧ್ವನಿವರ್ಧಕದ ಮುಂದೆ ಹೋದಾಗ ಏನಾಗುತ್ತದೆ? ಯಾರೂ ಮಾತಾಡದಿದ್ದರೂ ಕಿವಿ ಸೀಳುವಂತೆ ಕೂಗು. ಧ್ವನಿವರ್ಧಕದ ಸದ್ದನ್ನು ಮೈಕು ಹಿಡಿಯುತ್ತದೆ, ಮೈಕು ಕೊಟ್ಟ ಸದ್ದನ್ನು ಧ್ವನಿವರ್ಧಕ ಹಿಗ್ಗಿಸುತ್ತದೆ. ಮೂಳೆಯಲ್ಲಿ ಹುಟ್ಟಿದ ನೋವು ಬೆನ್ನುಹುರಿಯಲ್ಲಿ ಬೀಡುಬಿಡುವುದು ಹೀಗೆ.

ಹಾಗಾದರೆ ಬೇಗ ತಡೆದರೆ? ನರಕ್ಕೆ ಪೆಟ್ಟಾದ ಇಲಿಗಳಲ್ಲಿ 2003ರಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ನೆನೆಯುವಂತಹದು. ಮಿನೊಸೈಕ್ಲಿನ್ ಎಂಬ ಹಳೆಯ ಔಷಧ ಮೈಕ್ರೋಗ್ಲಿಯಾವನ್ನು ಶಾಂತಗೊಳಿಸುತ್ತದೆ. ಮೊದಲಿನಿಂದಲೇ ಕೊಟ್ಟಾಗ ಅತಿಸೂಕ್ಷ್ಮತೆ ಬೆಳೆಯುವುದು ತಗ್ಗಿತು. ಬೆಳೆದ ಮೇಲೆ ಕೊಟ್ಟರೆ ಪ್ರಯೋಜನವಾಗಲಿಲ್ಲ. ಇಲಿಯ ಮಾತನ್ನು ಮನುಷ್ಯನಿಗೆ ನೇರವಾಗಿ ಹೊಂದಿಸಲಾಗದು. ಆದರೂ ನೋವಿಗೆ ಬಿಟ್ಟುಕೊಟ್ಟ ಪ್ರತಿ ದಿನವೂ ಅದರ ಬೇರನ್ನು ಆಳ ಮಾಡಬಲ್ಲದು ಎಂಬ ಎಚ್ಚರಿಕೆ ಇದರಲ್ಲಿದೆ.

ಈಗ ಕೈಯಲ್ಲಿರುವ ಮದ್ದು

ಗ್ಲಿಯಾವನ್ನೇ ಸುಮ್ಮನಾಗಿಸುವ ಗುಳಿಗೆ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ ಬಹಳ ಜನ ವಿಜ್ಞಾನಿಗಳಿಗಿತ್ತು. ಪ್ರೊಪೆಂಟೊಫಿಲಿನ್ ಎಂಬ ಔಷಧ ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವಿನಿಂದ ನರಳುವವರಿಗೆ ಅದನ್ನು ಕೊಟ್ಟು ನೋಡಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು: ನೋವು ಕಡಿಮೆಯಾಗಲಿಲ್ಲ. ಇಲಿಯ ಮೈಕ್ರೋಗ್ಲಿಯಾ ಒಂದು ರೀತಿ, ಮನುಷ್ಯನದು ಇನ್ನೊಂದು ರೀತಿ. ಅಲ್ಲದೆ ಆಹಾರ ಕೊಡುವ, ಶುಚಿ ಮಾಡುವ, ಕಾಯುವ ಕೋಶಗಳನ್ನು ಪೂರ್ತಿ ಮಲಗಿಸುವುದು ಹಿತವೂ ಅಲ್ಲ. ಈ ಬಾಗಿಲಿನ ಸರಿಯಾದ ಕೀಲಿಯನ್ನು ಇಂದಿನ ವಿದ್ಯಾರ್ಥಿಗಳಲ್ಲೇ ಯಾರಾದರೂ ಹುಡುಕಬೇಕಾಗಿದೆ.

ಆದರೆ ಕೈ ಕಟ್ಟಿ ಕೂರುವ ಸ್ಥಿತಿ ಇಲ್ಲ. ಬುಡದಲ್ಲಿ ಸುದ್ದಿಯನ್ನೇ ಕಡಿಮೆ ಮಾಡುವುದು ಮೊದಲ ದಾರಿ. ನೋವಿರುವ ಮೂಳೆಗೆ ವಿಕಿರಣ ಚಿಕಿತ್ಸೆ ಕೊಡಬಹುದು. ತೊಡಕಿಲ್ಲದ ಎಷ್ಟೋ ರೋಗಿಗಳಿಗೆ 8 ಗ್ರೇ ಪ್ರಮಾಣದ ಒಂದೇ ಸಲದ ವಿಕಿರಣ, ಹತ್ತಾರು ದಿನ ಓಡಾಡಿ ಪಡೆಯುವ ಚಿಕಿತ್ಸೆಯಷ್ಟೇ ನೋವು ಇಳಿಸುತ್ತದೆ. ಹಳ್ಳಿಯಿಂದ ಬಸ್ಸು ಹತ್ತಿ ಬರುವ ರೋಗಿಗೆ ಇದು ಸಣ್ಣ ಮಾತಲ್ಲ. ಮೂಳೆ ಕರಗಿಸುವ ಕೋಶಗಳ ಕೈ ಹಿಡಿಯುವ ಔಷಧಗಳೂ ಇವೆ. 2000ದಲ್ಲಿ ಮ್ಯಾಂಟಿಯವರ ತಂಡ ಇಲಿಗಳಲ್ಲಿ ಇಂತಹ ಒಂದು ಪ್ರೋಟೀನನ್ನು ಬಳಸಿದಾಗ ಮೂಳೆಯೂ ಉಳಿಯಿತು, ನೋವೂ ತಗ್ಗಿತು, ಬೆನ್ನುಹುರಿಯ ಬದಲಾವಣೆಗಳೂ ತಡೆಯಲ್ಪಟ್ಟವು. ಅದೇ ದಾರಿಯಲ್ಲಿ ನಡೆಯುವ ಡೆನೊಸುಮಾಬ್ ಎಂಬ ಔಷಧಕ್ಕೆ 2010ರಲ್ಲಿ ಅಮೆರಿಕದಲ್ಲಿ, ಕ್ಯಾನ್ಸರ್ ಹಬ್ಬಿದ ಮೂಳೆ ಮುರಿಯುವಂತಹ ತೊಂದರೆಗಳನ್ನು ತಡೆಯಲು ಒಪ್ಪಿಗೆ ಸಿಕ್ಕಿತು.

ಎರಡನೆಯ ದಾರಿ ಮಾರ್ಫಿನ್. ಇದರ ಹೆಸರು ಕೇಳಿದರೆ ಮನೆಯವರು ಹೆದರುತ್ತಾರೆ. ಚಟ ಹತ್ತುತ್ತದೆ ಎಂದೋ, ಇದು ಕೊನೆಯ ಗಳಿಗೆಯ ಮದ್ದು ಎಂದೋ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮವನ್ನು ತೆರೆದ ಸಿಸಿಲಿ ಸಾಂಡರ್ಸ್ ಈ ಹೆದರಿಕೆಯನ್ನು ಅನುಭವದಿಂದ ಕಳೆದವರು. ನೋವು ಬಂದು ಕೂಗುವವರೆಗೆ ಕಾಯಬಾರದು, ಗಡಿಯಾರ ನೋಡಿ ಹೊತ್ತು ಹೊತ್ತಿಗೆ ಕೊಡಬೇಕು ಎಂಬುದು ಅವರ ಪದ್ಧತಿ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಹೇಳಿದ ಕ್ಯಾನ್ಸರ್ ನೋವಿನ ಮೆಟ್ಟಿಲುಗಳಲ್ಲಿಯೂ ಇದೇ ಮಾತಿದೆ. ಮಾರ್ಫಿನ್ ದೋಷವಿಲ್ಲದ ಮದ್ದಲ್ಲ. ಮಲಬದ್ಧತೆ, ತೂಕಡಿಕೆ, ವಾಕರಿಕೆ ತರುತ್ತದೆ; ದೀರ್ಘ ಕಾಲ ಕೊಟ್ಟಾಗ ಅದೂ ಗ್ಲಿಯಾವನ್ನು ಕೆಣಕಬಹುದು ಎಂದು ಪ್ರಾಣಿಗಳ ಪ್ರಯೋಗಗಳು ಹೇಳುತ್ತವೆ. ಅದಕ್ಕೇ ಪ್ರಮಾಣವನ್ನು ತಿಳಿದವರೇ ಅಳೆದು ಕೊಡಬೇಕು. ಬೇಡ ಎನ್ನಲು ಇದು ಕಾರಣವಲ್ಲ.

ಭಾರತದಲ್ಲಿ ಕಾನೂನಿನ ಕಣ್ಗಾವಲಿನಲ್ಲಿ ಅಫೀಮು ಬೆಳೆಯುತ್ತಾರೆ. ಹಾಗಿದ್ದೂ 1985ರ ಮಾದಕ ದ್ರವ್ಯ ಕಾಯಿದೆಯ ಬಿಗಿಯಿಂದಾಗಿ ಇಲ್ಲಿನ ರೋಗಿಗಳಿಗೆ ಮಾರ್ಫಿನ್ ಸಿಗುವುದೇ ದುರ್ಲಭವಾಯಿತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ನೋವು ಶಮನದ ಸಂಘ ಕಟ್ಟಿ ಬೇರೆಯದೇ ದಾರಿ ತೋರಿಸಿದರು. ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯ, ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಆರೈಕೆ ನೀಡುತ್ತ ಬಂದಿದೆ. 2014ರಲ್ಲಿ ಕಾಯಿದೆಗೂ ತಿದ್ದುಪಡಿಯಾಗಿ, ವೈದ್ಯಕೀಯ ಬಳಕೆಯ ಹಾದಿ ಸ್ವಲ್ಪ ಹಗುರವಾಯಿತು.

ಹೀಗೆ ಮನೆಗೆ ಬಂದ ದಾದಿಯೊಬ್ಬರು ಅಜ್ಜಿಯನ್ನು ಕೇಳಿದರು: “ಅಜ್ಜಿ, ನೋವಿಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ?” ಅಜ್ಜಿಗೆ ಆ ಲೆಕ್ಕ ಹಿಡಿಸಲಿಲ್ಲ. “ಮಾರ್ಕ್ಸ್ ಎಲ್ಲ ನಂಗೊತ್ತಿಲ್ಲ ತಾಯಿ. ರಾತ್ರಿ ಹದಿನಾರಾಣೆ. ಈಗ ಹನ್ನೆರಡಾಣೆ.” ದಾದಿ ನಗದೆ ಹಾಗೆಯೇ ಬರೆದುಕೊಂಡರು. ಮೊಮ್ಮಗ ತನ್ನ ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಗೆರೆ ಎಳೆದು ಹೊತ್ತು, ಗುಳಿಗೆ, ಆಣೆ ಎಂದು ಮೂರು ಕಲಮು ಮಾಡಿದ. ಗುಳಿಗೆ ಗಡಿಯಾರದ ಪ್ರಕಾರ ಬೀಳತೊಡಗಿದ ಮೇಲೆ ಹದಿನಾರಾಣೆ ಆರಾಣೆಗೆ ಇಳಿಯಿತು. ಕಾಯಿಲೆ ಹೋಗಲಿಲ್ಲ. ನಿದ್ದೆ ಬಂತು. ಸೊಸೆ ಹೊದಿಕೆ ಹೊದಿಸಿದರೆ ಅಜ್ಜಿ, “ಇನ್ನೊಂದು ಚೂರು ಮೇಲಕ್ಕೆಳಿಯೇ,” ಎಂದರು.

ಮಕ್ಕಳ ಕಾಲುನೋವು

ಮೂಳೆಯ ನೋವು ಮುದುಕರ ಪಾಲಿನದು ಮಾತ್ರವಲ್ಲ. ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ಅಪರೂಪ. ಆದರೆ ಅಂತಹವುಗಳಲ್ಲಿ ಒಂದಾದ ಆಸ್ಟಿಯೊಸಾರ್ಕೋಮ ಹೆಚ್ಚಾಗಿ ಕಾಣುವುದು ಸರಸರನೆ ಎತ್ತರ ಬೆಳೆಯುವ ಹದಿಹರೆಯದವರಲ್ಲಿ, ಅದೂ ಮೊಣಕಾಲಿನ ಆಸುಪಾಸಿನಲ್ಲಿ. ಆಡುವ ಮಕ್ಕಳಿಗೆ ಕಾಲುನೋವು ನಿತ್ಯದ ಮಾತು. ಬೆಳೆಯುವ ಮಕ್ಕಳ ನೋವು ಸಾಮಾನ್ಯವಾಗಿ ಎರಡೂ ಕಾಲುಗಳಲ್ಲಿ ಬರುತ್ತದೆ, ಸಂಜೆ ಬಂದು ಬೆಳಗಾಗುವಷ್ಟರಲ್ಲಿ ಹೋಗುತ್ತದೆ, ಎಣ್ಣೆ ಹಚ್ಚಿ ತಿಕ್ಕಿದರೆ ಹಿತವೆನಿಸುತ್ತದೆ. ಪ್ರತಿ ನೋವಿಗೂ ಗಾಬರಿಯಾಗುವ ಅಗತ್ಯವಿಲ್ಲ.

ಆದರೆ ಒಂದೇ ಕಾಲಿನ ಒಂದೇ ಜಾಗದಲ್ಲಿ ವಾರಗಟ್ಟಲೆ ನೋವು ನಿಂತರೆ, ನಿದ್ದೆಯಿಂದ ಎಬ್ಬಿಸಿದರೆ, ಅಲ್ಲಿ ಊತ ಕಂಡು ಅದು ಹೆಚ್ಚುತ್ತ ಹೋದರೆ, ಅಥವಾ ಮಗು ಕುಂಟತೊಡಗಿದರೆ, ಎಣ್ಣೆ ತಿಕ್ಕಿಸುವುದನ್ನು ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ ಒಂದು ಎಕ್ಸ್‌ರೇ ತೆಗೆಸಬೇಕು. ಪರೀಕ್ಷೆ ಹತ್ತಿರ ಬಂತೆಂದು ನೆಪ ಹೇಳುತ್ತಿದ್ದಾನೆ ಎಂದು ಹುಡುಗನನ್ನು ಗದರಿಸುವುದಾಗಲಿ, ಆಟದ ಪೆಟ್ಟು ತಾನಾಗಿ ವಾಸಿಯಾಗುತ್ತದೆ ಎಂದು ತಿಂಗಳು ದೂಡುವುದಾಗಲಿ ಬೇಡ. ಇಂತಹ ರೋಗದಲ್ಲಿ ಬೇಗ ಗೊತ್ತಾದರೆ ಎಷ್ಟೋ ಮಕ್ಕಳ ಕಾಲನ್ನೂ ಜೀವವನ್ನೂ ಉಳಿಸಬಹುದು.

ನೋವನ್ನು ಅಳೆಯುವ ತಕ್ಕಡಿ ಯಾವ ಪ್ರಯೋಗಶಾಲೆಯಲ್ಲೂ ಇನ್ನೂ ತಯಾರಾಗಿಲ್ಲ. ಇರುವುದು ನೋಯುವವರ ಮಾತು ಒಂದೇ. ಅದು ಆಣೆಯ ಲೆಕ್ಕದಲ್ಲಿ ಬರಲಿ, ಮಾರ್ಕ್ಸ್ ಲೆಕ್ಕದಲ್ಲಿ ಬರಲಿ, “ಅಮ್ಮಾ, ಮತ್ತೆ ಅದೇ ಜಾಗ” ಎಂಬ ನಾಲ್ಕು ಪದಗಳಲ್ಲಿ ಬರಲಿ, ಮೊದಲ ಸಲಕ್ಕೇ ನಂಬಬೇಕು.